ಮೌನ ಶಿಬಿರಕ್ಕೆ ಹೋಗುವವರು ಅರ್ಜಿಯಲ್ಲಿ ಕನ್ನಡವೆಂದೇ ಬರೆಯಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಹಳ್ಳಿಯೊಂದರಲ್ಲಿ ವಾಸವಾಗಿರುವ ನಾನು 31 ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಎರಡು ವರ್ಷಗಳ ಹಿಂದೆ, ಬುದ್ಧನ ಧ್ಯಾನಮಾರ್ಗವಾದ ವಿಪಶ್ಯನೆಯನ್ನು ಮೌನದಲ್ಲಿ ಕಲಿಸುವ 10 ದಿನಗಳ ಶಿಬಿರವೊಂದರಲ್ಲಿ ಕುಳಿತು ಬಂದೆ. ಈಚೆಗೆ ನಮ್ಮ ಸುತ್ತಮುತ್ತಲಿನ ಅನೇಕರು, ಅದರಲ್ಲೂ ನಿವೃತ್ತರು ಮತ್ತು ಮಕ್ಕಳನ್ನು ದೂರದ ಊರಿಗೆ ಕಳುಹಿಸಿ ಒಬ್ಬಂಟಿಗರಾದ ಹೆಂಗಸರು, ಅಂಥ ಶಿಬಿರಕ್ಕೆ ಹೋಗಬೇಕೆಂದು ನನ್ನಲ್ಲಿ ವಿಚಾರಿಸುತ್ತಿದ್ದಾರೆ. ಮಲಗುವ ವ್ಯವಸ್ಥೆ ಹೇಗೆ, ಊಟ ಹೇಗೆ, ಮೊಬೈಲನ್ನು ನಿಜವಾಗಿಯೂ ತೆಗೆದಿಡುತ್ತಾರೆಯೇ ಎಂದೆಲ್ಲ ಕೇಳುವವರು ಅಲ್ಲಿ ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂದು ಮಾತ್ರ ಕೇಳುವುದಿಲ್ಲ. ನಾನಾಗಿ ಆ ಮಾತನ್ನು ಎತ್ತಿದರೆ, "ಮಾತೇ ಆಡದ ಶಿಬಿರಕ್ಕೆ ಯಾವ ಭಾಷೆಯಾದರೇನು ಟೀಚರೇ?" ಎನ್ನುತ್ತಾರೆ. ಹೋಗುವ ಮೊದಲು ನಾನೂ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ಎಷ್ಟು ತಪ್ಪಾಗಿತ್ತು ಎಂಬುದನ್ನು ತಮ್ಮ ಓದುಗರಿಗೆ, ಮುಖ್ಯವಾಗಿ ಗಡಿಯಾಚೆಗಿರುವ ನಮ್ಮಂಥ ಕನ್ನಡಿಗರಿಗೆ, ತಿಳಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿವರವಾಗಿ ಹೇಳದಿದ್ದರೆ ಅರ್ಥವಾಗದ ಸಂಗತಿಯಾದ್ದರಿಂದ ಪತ್ರ ದೀರ್ಘವಾಗಿದೆ. ದಯವಿಟ್ಟು ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಶಿಬಿರದ ಕ್ರಮ ತಿಳಿಯದವರಿಗಾಗಿ ಅದನ್ನು ಮೊದಲು ಹೇಳುವುದು ಒಳ್ಳೆಯದು. ಬೆಳಗ್ಗೆ 4ಕ್ಕೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ, 4.30ಕ್ಕೆ ಮೊದಲ ಧ್ಯಾನ ಆರಂಭವಾಗುತ್ತದೆ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಲಗಲು ಬಿಡುತ್ತಾರೆ. ಇದರ ನಡುವೆ ದಿನಕ್ಕೆ ಸುಮಾರು 10 ಗಂಟೆ ಕಣ್ಣು ಮುಚ್ಚಿ ಕುಳಿತಿರಬೇಕಾಗುತ್ತದೆ. ಬೆಳಗ್ಗೆ 6.30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಚಹಾ ಮತ್ತು ಹಣ್ಣು. ಆಮೇಲೆ ಮರುದಿನದವರೆಗೆ ಊಟವಿಲ್ಲ. ಕೊಲ್ಲದಿರುವುದು, ಕದಿಯದಿರುವುದು, ಬ್ರಹ್ಮಚರ್ಯ, ಸುಳ್ಳಾಡದಿರುವುದು, ಅಮಲು ಪದಾರ್ಥ ಮುಟ್ಟದಿರುವುದು ಎಂಬ ಐದು ಶೀಲಗಳನ್ನು ಮೊದಲ ಸಂಜೆಯೇ ಸ್ವೀಕರಿಸಬೇಕು. ಓದುವಂತಿಲ್ಲ, ಬರೆಯುವಂತಿಲ್ಲ, ಜಪಮಣಿ ಹಿಡಿಯುವಂತಿಲ್ಲ. ಶುಲ್ಕವೆಂದು ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಮೊದಲು ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ಮುಂದಿನವರ ಊಟ, ವಸತಿ ನಡೆಯುತ್ತದೆ. ಇನ್ನು ಮೌನವನ್ನು ಅಲ್ಲಿ ಆರ್ಯ ಮೌನ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡರೆ ಅದು ಮುಗಿಯಲಿಲ್ಲ. ಕೈಸನ್ನೆ, ಕಣ್ಸನ್ನೆ, ಚೀಟಿ ಯಾವುದೂ ಕೂಡದು, ಪಕ್ಕದ ಹಾಸಿಗೆಯವರ ಮುಖ ನೋಡಿ ನಗುವುದೂ ಕೂಡದು. ಬಿಸಿನೀರು ಬರುತ್ತಿಲ್ಲ, ಜ್ವರ ಬಂದಿದೆ ಎಂಬಂಥ ಅಗತ್ಯದ ಮಾತನ್ನು ಸೇವಕರಲ್ಲಿ, ಧ್ಯಾನದ ಬಗೆಗಿನ ಸಂಶಯವನ್ನು ಮಧ್ಯಾಹ್ನದ ಹೊತ್ತಿನಲ್ಲಿ ಆಚಾರ್ಯರಲ್ಲಿ ಹೇಳಿಕೊಳ್ಳಬಹುದು. ಹತ್ತನೆಯ ದಿನ ಬೆಳಗ್ಗೆ ಮೈತ್ರಿಯ, ಅಂದರೆ ಎಲ್ಲರ ಒಳಿತನ್ನು ಬಯಸುವ, ಅಭ್ಯಾಸ ಕಲಿಸಿದ ಮೇಲೆ ಮೌನ ಬಿಡಿಸುತ್ತಾರೆ.

ಹೀಗಿರುವಾಗ ಶಿಬಿರಾರ್ಥಿಯ ಕಿವಿಗೆ ಬೀಳುವ ಮಾತು ಎಷ್ಟು ಎಂದು ಯೋಚಿಸಬೇಕು. ದಿನದಲ್ಲಿ ಕೆಲವು ಸಲ ಧ್ವನಿಮುದ್ರಿತ ಸೂಚನೆಗಳು, ರಾತ್ರಿ 7ರಿಂದ ಸುಮಾರು ಒಂದೂಕಾಲು ಗಂಟೆಯ ಪ್ರವಚನ, ಇಷ್ಟೇ. ಮನೆಯಲ್ಲಾದರೆ ದಿನಕ್ಕೆ ಸಾವಿರ ಮಾತು ಕೇಳಿ ಅದರಲ್ಲಿ ನೂರನ್ನು ಬಿಟ್ಟುಕೊಟ್ಟರೂ ನಡೆಯುತ್ತದೆ. ಅಲ್ಲಿ ಕೇಳುವ ಒಂದೊಂದು ಪದವೂ ಇಡೀ ದಿನ ತಲೆಯೊಳಗೆ ಕುಳಿತು ಕೆಲಸ ಮಾಡುತ್ತದೆ. ಬೆಳಗ್ಗೆ ಕೇಳಿದ ವಾಕ್ಯವೊಂದನ್ನು ಸಂಜೆಯವರೆಗೆ ಮೈಮೇಲೆ ಪ್ರಯೋಗಿಸಿ ನೋಡುತ್ತಿರುತ್ತೇವೆ. ಅದನ್ನು ತಪ್ಪಾಗಿ ತಿಳಿದುಕೊಂಡಿದ್ದರೆ, ಹಾಗಲ್ಲ ಹೀಗೆ ಎಂದು ತಿದ್ದಲು ಪಕ್ಕದಲ್ಲಿ ಕುಳಿತವರಿಗೂ ಬಾಯಿಲ್ಲ.

ಈ ಸೂಚನೆಗಳು ಯಾರ ಧ್ವನಿಯಲ್ಲಿವೆ ಎಂಬುದನ್ನೂ ಹೇಳಬೇಕು. ಸತ್ಯನಾರಾಯಣ ಗೋಯೆಂಕಾ ಅವರು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ, ವ್ಯಾಪಾರಕ್ಕಾಗಿ ಅಲ್ಲಿ ನೆಲೆಸಿದ್ದ ಮಾರವಾಡಿ ಕುಟುಂಬದಲ್ಲಿ ಹುಟ್ಟಿದವರು. ತೀವ್ರವಾದ ಅರೆತಲೆನೋವಿನಿಂದ ಬಳಲಿ, 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಅವರಲ್ಲಿಗೆ ಹೋದರು. ಊ ಬಾ ಖಿನ್ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆಗಿದ್ದವರು, ಹಗಲು ಸರಕಾರದ ಲೆಕ್ಕ ನೋಡಿಕೊಳ್ಳುತ್ತಲೇ ಧ್ಯಾನ ಕಲಿಸಿದ ಗೃಹಸ್ಥರು. ಭಾರತದಲ್ಲಿದ್ದ ತಾಯಿಯ ಅಸ್ವಾಸ್ಥ್ಯದ ಕಾರಣದಿಂದ 1969ರಲ್ಲಿ ಇಲ್ಲಿಗೆ ಬಂದ ಗೋಯೆಂಕಾ, ಆ ಜುಲೈಯಲ್ಲಿ ಮುಂಬಯಿಯಲ್ಲಿ ತಂದೆತಾಯಿ ಮತ್ತು ಬೆರಳೆಣಿಕೆಯ ಇತರರಿಗಾಗಿ ಮೊದಲ ಶಿಬಿರ ನಡೆಸಿದರು. ನಾಸಿಕ್ ಜಿಲ್ಲೆಯ ಇಗತ್‌ಪುರಿಯ ಕೇಂದ್ರ ಆರಂಭವಾದದ್ದು 1976ರಲ್ಲಿ. ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ಧರ್ಮಶಾಲೆ, ಶಾಲೆಗಳಂಥ ಸಿಕ್ಕಿದ ಕಡೆ ಶಿಬಿರಗಳು ನಡೆದವು. 2013ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಧ್ವನಿಮುದ್ರಣವೇ ಎಲ್ಲ ಕಡೆ ಪಾಠ ಹೇಳುತ್ತದೆ. ಅದರ ಬೆನ್ನಿಗೆ ಆಯಾ ಊರಿನ ಭಾಷೆಯ ಅನುವಾದ ಕೇಳಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬರ್ಮಾದ ಗುರುವಿನಿಂದ ಪಡೆದದ್ದನ್ನು ಮಗನೊಬ್ಬ ತನ್ನ ತಾಯಿಗೆ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದರಿಂದಲೇ ಈ ವಿದ್ಯೆ ನಮ್ಮ ದೇಶದಲ್ಲಿ ಮತ್ತೆ ಬೇರೂರಿತು.

ನಾನು ಹೋದದ್ದೂ ಅಮ್ಮನ ಕಾರಣದಿಂದಲೇ. ಮೂರು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ರಾತ್ರಿ ಎರಡರ ಹೊತ್ತಿಗೆ ಎಚ್ಚರಗೊಂಡು "ಮಗಾ" ಎಂದು ಕರೆಯುತ್ತಿದ್ದರು. ಅವರು ತೀರಿಕೊಂಡು ಒಂದು ವರ್ಷ ಕಳೆದರೂ ಅದೇ ಹೊತ್ತಿಗೆ ನನಗೆ ಎಚ್ಚರವಾಗುತ್ತಿತ್ತು, ಕರೆ ಕೇಳಿಸಿದಂತೆಯೂ ಆಗುತ್ತಿತ್ತು. ಆಮೇಲೆ ಬೆಳಗಿನವರೆಗೆ ನಿದ್ದೆಯಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ನರ್ಸ್ ಆಗಿರುವವಳು, ಈ ಶಿಬಿರದ ಬಗ್ಗೆ ಹೇಳಿ ಅರ್ಜಿ ತುಂಬಲು ನೆರವಾದಳು.

ಆ ಅರ್ಜಿಯಲ್ಲಿ ನಿಮ್ಮ ಭಾಷೆ ಯಾವುದು, ಇನ್ನಾವ ಭಾಷೆ ಅರ್ಥವಾಗುತ್ತದೆ ಎಂದು ಕೇಳಿರುತ್ತಾರೆ. ನಾನು ಅಲ್ಲಿ ಮಲಯಾಳ ಎಂದು ಬರೆಸಿದೆ. ಮನೆಯಲ್ಲಿ ನಮ್ಮ ಊರಿನ ಕನ್ನಡ, ನೆರೆಹೊರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡಿಕೊಂಡು ಬೆಳೆದವಳು ನಾನು. ಕನ್ನಡ ಕಲಿಸಿಯೇ ಅನ್ನ ಉಂಡವಳು. ಆದರೂ ಹಾಗೆ ಬರೆಸಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಮ್ಮ ತಲೆಮಾರಿಗೆ ಇದೊಂದು ರೂಢಿಯಾಗಿಬಿಟ್ಟಿದೆ. ಅರ್ಜಿ ಎಂದ ಕೂಡಲೇ ಎದುರಿಗಿರುವವರಿಗೆ ಯಾವುದು ಅನುಕೂಲವೋ ಅದನ್ನು ಬರೆಯುತ್ತೇವೆ. ಕನ್ನಡವೆಂದು ಬರೆದರೆ ಕೆಲಸ ತಡವಾದೀತು, ಹಿಂದಕ್ಕೆ ಬಂದೀತು ಎಂಬ ಅಳುಕು ನಮ್ಮ ಕೈಯಲ್ಲೇ ಕೂತಿದೆ. ಇಲ್ಲಿ ಕೇಳಿದ್ದು ಕಚೇರಿಯ ಅನುಕೂಲಕ್ಕಲ್ಲ, ನನ್ನ ಅನುಕೂಲಕ್ಕೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಕೇರಳದ ಒಂದು ಕೇಂದ್ರದಲ್ಲಿ ನನಗೆ ಸ್ಥಳ ಸಿಕ್ಕಿತು; ಅಲ್ಲಿ ಸೂಚನೆಗಳು ಇಂಗ್ಲಿಷ್ ಮತ್ತು ಮಲಯಾಳದಲ್ಲಿದ್ದವು.

ಮೊದಲ ಮೂರೂವರೆ ದಿನ ಆನಾಪಾನ, ಅಂದರೆ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಸುಮ್ಮನೆ ತಿಳಿಯುತ್ತಿರುವುದು. ಎಣಿಸುವಂತಿಲ್ಲ, ಮಂತ್ರ ಸೇರಿಸುವಂತಿಲ್ಲ, ಉಸಿರನ್ನು ದೀರ್ಘ ಮಾಡುವಂತಿಲ್ಲ. ಕೊನೆಗೆ ಗಮನವನ್ನು ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಚಿಕ್ಕ ಜಾಗಕ್ಕೆ ತಂದು ನಿಲ್ಲಿಸಬೇಕು. ಇದಕ್ಕೆ ಹೆಚ್ಚು ಮಾತು ಬೇಕಾಗಿರಲಿಲ್ಲ. ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿರುವುದು ತಮಗೆ ಗೊತ್ತಿರಬಹುದು. ಚಿಕ್ಕವಳಿದ್ದಾಗ ಬೇಸಗೆಯಲ್ಲಿ ಅಪ್ಪ ಸುರಂಗದ ಕೆಸರು ತೆಗೆಯಲು ಹೋಗುವಾಗ ಮೊಂಬತ್ತಿ ಹಿಡಿದುಕೊಂಡು ನಾನೂ ಹೋಗುತ್ತಿದ್ದೆ. ಬಗ್ಗಿಕೊಂಡು ಇಪ್ಪತ್ತು ಮೂವತ್ತು ಹೆಜ್ಜೆ ಒಳಗೆ ಹೋದ ಮೇಲೆ ಅಪ್ಪ, "ಮಾತಾಡಬೇಡ, ನೀರು ಎಲ್ಲಿ ತೊಟ್ಟಿಕ್ಕುತ್ತದೆ ಕೇಳು" ಎನ್ನುತ್ತಿದ್ದರು. ಮೊದಲು ನಮ್ಮದೇ ಉಸಿರಾಟ ಬಿಟ್ಟು ಬೇರೇನೂ ಕೇಳಿಸದು. ಸ್ವಲ್ಪ ಹೊತ್ತಿನ ಮೇಲೆ ಕಿವಿ ಪಳಗಿ, ಗೋಡೆಯ ಯಾವ ಬಿರುಕಿನಲ್ಲಿ ಹನಿ ಕೂಡಿಕೊಳ್ಳುತ್ತಿದೆ, ಯಾವುದು ಈಗ ಬಿತ್ತು ಎಂಬುದು ಒಂದೊಂದಾಗಿ ತಿಳಿಯತೊಡಗುತ್ತಿತ್ತು. ಆ ಹನಿಗಳೇ ಒಟ್ಟಾಗಿ ಅಡಿಕೆ ಮರದ ದಂಬೆಯಲ್ಲಿ ಹರಿದು ಹೊರಗಿನ ಟಾಂಕಿ ತುಂಬುತ್ತಿದ್ದುದು. ಮೂರನೆಯ ದಿನ ಮಧ್ಯಾಹ್ನ ಮೇಲ್ದುಟಿಯ ಅಂಚಿನಲ್ಲಿ ಒಳಹೋಗುವ ಉಸಿರಿನ ತಂಪು, ಹೊರಬರುವ ಉಸಿರಿನ ಬಿಸುಪು ಬೇರೆ ಬೇರೆಯಾಗಿ ತಿಳಿದಾಗ ನನಗೆ ಆ ಸುರಂಗವೇ ನೆನಪಾಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಎಡವಟ್ಟಾದದ್ದು ನಾಲ್ಕನೆಯ ದಿನ, ವಿಪಶ್ಯನೆಯ ಪಾಠ ಶುರುವಾದಾಗ. ಆ ದಿನದಿಂದ ಗಮನವನ್ನು ನೆತ್ತಿಯಿಂದ ಕಾಲ್ಬೆರಳ ತುದಿಯವರೆಗೆ ಅಂಗ ಅಂಗವಾಗಿ ಸಾಗಿಸುತ್ತ, ಎಲ್ಲೆಲ್ಲಿ ಏನೇನು ತಿಳಿದುಬರುತ್ತದೆಯೋ ಅದನ್ನು ನೋಡುತ್ತ ಹೋಗಬೇಕು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕುಳಿತುಕೊಳ್ಳುವ ಅಧಿಷ್ಠಾನವೂ ಇದರೊಂದಿಗೆ ಸೇರಿಕೊಳ್ಳುತ್ತದೆ. ಬುದ್ಧನ ಬೋಧನೆ ಉಳಿದುಬಂದಿರುವ ಪಾಲಿ ಭಾಷೆಯಲ್ಲಿ ಹೀಗೆ ತಿಳಿದುಬರುವುದಕ್ಕೆ ವೇದನಾ ಎಂದು ಹೆಸರು. ಸುಖವಾದದ್ದು, ದುಃಖವಾದದ್ದು, ಎರಡೂ ಅಲ್ಲದ್ದು ಎಂದು ವೇದನೆ ಮೂರು ಬಗೆ ಎಂಬುದು ಬುದ್ಧನ ವಿವರಣೆ. ಆದರೆ ಕನ್ನಡದ ಕಿವಿಗೆ ವೇದನೆ ಎಂದರೆ ನೋವು. ಮಲಯಾಳದಲ್ಲಂತೂ ತಲೆನೋವಿಗೇ ತಲವೇದನ ಎನ್ನುತ್ತಾರೆ. ರಾತ್ರಿಯ ಪ್ರವಚನದಲ್ಲಿ ಆ ಪದ ಕೇಳಿದಾಗಲೆಲ್ಲ ನನ್ನ ಮನಸ್ಸು ಅದನ್ನು ನೋವೆಂದೇ ಹಿಡಿಯಿತು. ಶಾಸ್ತ್ರೀಯವಾದ ಮಲಯಾಳದ ಉದ್ದ ವಾಕ್ಯಗಳಲ್ಲಿ ಬಂದ ವಿವರಣೆ, ಪೇಟೆಯಲ್ಲಿ ತರಕಾರಿ ಕೊಳ್ಳುವಷ್ಟು ಮಲಯಾಳ ಬಲ್ಲ ನನಗೆ ಅರ್ಧಕ್ಕರ್ಧ ತಪ್ಪಿಹೋಯಿತು. ನೋವನ್ನು ಹುಡುಕುವುದೇ ಅಭ್ಯಾಸ, ಸಹಿಸುವುದೇ ಸಾಧನೆ ಎಂದು ತಿಳಿದು ಒಂದು ದಿನ ಕುಳಿತೆ. ನೋವಿಲ್ಲದ ಅಂಗಗಳನ್ನು ದಾಟಿ, ನೋವಿರುವ ಎಡಮಂಡಿಯಲ್ಲಿಯೇ ಗಮನ ಇಟ್ಟುಕೊಂಡೆ. ಐದನೆಯ ದಿನ ಬೆಳಗ್ಗೆ ಮಂಡಿ ಊದಿಕೊಂಡು, ಧ್ಯಾನಮಂದಿರದ ನಾಲ್ಕು ಮೆಟ್ಟಿಲುಗಳನ್ನು ಪಕ್ಕದ ಕಂಬಿ ಹಿಡಿದು ಅಡ್ಡಡ್ಡ ಇಳಿಯಬೇಕಾಯಿತು.

ಇದೊಂದೇ ಪದವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಕನ್ನಡಕ್ಕೆ ಸಂಸ್ಕೃತ, ಪ್ರಾಕೃತಗಳಿಂದ ಬಂದ ಪದಗಳು ಇಲ್ಲಿ ಶತಮಾನಗಳ ಕಾಲ ಬಾಳಿ ತಮ್ಮದೇ ಅರ್ಥ ಪಡೆದುಕೊಂಡಿವೆ. ಪಾಲಿಯ ಉಪೇಕ್ಖಾ ಎಂದರೆ ಸಮಚಿತ್ತ, ಹಿತವಾದುದಕ್ಕೆ ಜೋತುಬೀಳದೆ ಅಹಿತವಾದುದನ್ನು ತಳ್ಳದೆ ನೋಡುವುದು. ಕನ್ನಡದ ಉಪೇಕ್ಷೆ ಎಂದರೆ ಅಲಕ್ಷ್ಯ, ಅಸಡ್ಡೆ. ಪಾಲಿಯ ಸಂಖಾರ ಎಂದರೆ ಮನಸ್ಸು ಮತ್ತೆ ಮತ್ತೆ ಪ್ರತಿಕ್ರಿಯೆ ತೋರಿ ಕಟ್ಟಿಕೊಳ್ಳುವ ಗಂಟು. ನಮಗೆ ಸಂಸ್ಕಾರವೆಂದರೆ ಮಕ್ಕಳಿಗೆ ಕಲಿಸಬೇಕಾದ ಒಳ್ಳೆಯ ನಡತೆ, ಇಲ್ಲವೇ ಹುಟ್ಟು ಸಾವುಗಳ ವಿಧಿ. ಸಂಸ್ಕಾರಗಳನ್ನು ಕಳೆದುಕೊಳ್ಳಬೇಕು ಎಂಬ ಮಾತನ್ನು ಒಬ್ಬ ಕನ್ನಡಿಗ ಗೃಹಿಣಿ ಯಾವ ವಿವರಣೆಯೂ ಇಲ್ಲದೆ ಕೇಳಿದರೆ ಅವಳಿಗೆ ಏನನ್ನಿಸೀತು? ತಾಯಿಯ ಉತ್ತರಕ್ರಿಯೆ ಮುಗಿಸಿ ವರ್ಷವಾಗಿದ್ದ ನನಗೆ ಆ ಮಾತು ಎದೆಗೆ ಕಲ್ಲು ಬಡಿದಂತಾಯಿತು. ಪಾಲಿಯ ಪಞ್ಞಾ ಎಂದರೆ ವಿವೇಕ, ಒಳನೋಟ; ನಮ್ಮಲ್ಲಿ ಪ್ರಜ್ಞೆ ತಪ್ಪಿತು ಎಂದರೆ ಮೂರ್ಛೆ ಬಂತು ಎಂದರ್ಥ. ಶೀಲ ಎಂದ ಕೂಡಲೇ ನಮ್ಮ ಕಥೆ, ಸಿನಿಮಾಗಳು ಹೆಣ್ಣಿನತ್ತ ಬೆರಳು ತೋರಿಸುತ್ತವೆ. ಇನ್ನು ಸಂವೇದನೆ ಎಂಬ ಪದ. ಮೈಯಲ್ಲಿ ತಿಳಿದುಬರುವುದಕ್ಕೆ ಹಿಂದಿಯಲ್ಲೂ ಕನ್ನಡದಲ್ಲೂ ಅದನ್ನು ಬಳಸುತ್ತಾರೆ, ತಪ್ಪೇನೂ ಇಲ್ಲ. ಆದರೆ ನವ್ಯ ಸಂವೇದನೆ, ಕಾವ್ಯ ಸಂವೇದನೆ ಎಂದು 31 ವರ್ಷ ಪಾಠ ಮಾಡಿದ ನನಗೆ ಅದು ಅಂಗೈಯ ತುರಿಕೆಯನ್ನು ಹೇಳುವ ಪದವೆಂದು ತಟ್ಟನೆ ಹೊಳೆಯಲಿಲ್ಲ.

ಪಂಡಿತರಿಗೆ ಇವು ಶಬ್ದಕೋಶ ತೆರೆದು ಬಗೆಹರಿಸಿಕೊಳ್ಳುವ ಸಂಗತಿಗಳು. ಶಬ್ದಕೋಶವನ್ನೂ ಪೆನ್ನನ್ನೂ ಕೊಠಡಿಯ ಹೊರಗಿಟ್ಟು ಹತ್ತು ದಿನ ಕುಳಿತವರಿಗೆ ಆ ದಾರಿಯಿಲ್ಲ. ಮೂರನೆಯ ರಾತ್ರಿಯ ಪ್ರವಚನದಲ್ಲಿ ವಿವೇಕ ಮೂರು ಬಗೆ ಎಂದು ಹೇಳುತ್ತಾರೆ: ಕೇಳಿ ಪಡೆದದ್ದು, ಚಿಂತಿಸಿ ಪಡೆದದ್ದು, ಸ್ವತಃ ಅನುಭವಿಸಿ ಪಡೆದದ್ದು. ಮೂರನೆಯದೇ ಮುಖ್ಯ ಎಂಬುದು ನಿಜ. ಆದರೆ ಕೇಳಿದ್ದೇ ತಪ್ಪಾದಾಗ ಚಿಂತನೆಯೂ ತಪ್ಪು ದಾರಿ ಹಿಡಿಯುತ್ತದೆ, ಮೈಯೂ ಅದೇ ದಾರಿಯಲ್ಲಿ ದಣಿಯುತ್ತದೆ. ನನ್ನ ಮಂಡಿ ಅದಕ್ಕೆ ಸಾಕ್ಷಿ.

ಐದನೆಯ ದಿನ ಮಧ್ಯಾಹ್ನ ಆಚಾರ್ಯರನ್ನು ಕಾಣಲು ಹೋದೆ. ಅವರು ತಾಳ್ಮೆಯ ಹಿರಿಯರು, ಅವರ ಬಗ್ಗೆ ನನಗೆ ಗೌರವವಿದೆ. ನನ್ನ ಸಂಶಯವನ್ನು ಹರಕು ಮಲಯಾಳದಲ್ಲಿ ಹೇಳಲು ತೊಡಗಿದೆ. ನೋವು ಎಂಬುದಕ್ಕೆ ಮತ್ತೆ ವೇದನೆ ಎಂದೇ ಹೇಳಬೇಕಾಗಿ ಬಂತು. ವೇದನೆ ಬಹಳವಾಗಿದೆ ಎಂದರೆ ಅವರು, ಒಳ್ಳೆಯದು, ನೋಡುತ್ತಿರಿ ಎಂದರು. ಅವರು ಹೇಳಿದ್ದು ಒಂದು ವೇದನೆ, ನಾನು ಹೇಳಿದ್ದು ಇನ್ನೊಂದು. ನನಗೆ ಕಣ್ಣೀರು ಬಂತು. ಆಮೇಲೆ ಏನು ಮಾಡಲೂ ತಿಳಿಯದೆ ನಮ್ಮ ಮನೆಯ ಕನ್ನಡದಲ್ಲಿಯೇ ಎರಡು ಮಾತು ಆಡಿಬಿಟ್ಟೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ನಿಮ್ಮ ಭಾಷೆ ಯಾವುದು ಎಂದು ಕೇಳಿದರು. ಕನ್ನಡ ಎಂದೆ. ಹಾಗಾದರೆ ಅರ್ಜಿಯಲ್ಲಿ ಏಕೆ ಬರೆಯಲಿಲ್ಲ ಎಂದು ಕೇಳಿದರು. ಉತ್ತರ ಹೇಳಲಾಗಲಿಲ್ಲ.

ಅಂದು ಸಂಜೆ 7ಕ್ಕೆ ಮಹಿಳಾ ಸೇವಕಿಯೊಬ್ಬರು ನನ್ನನ್ನು ಪಕ್ಕದ ಸಣ್ಣ ಕೊಠಡಿಗೆ ಕರೆದೊಯ್ದು, ಇಯರ್‌ಫೋನ್ ಕೈಗಿತ್ತು, ಚಿಕ್ಕ ಯಂತ್ರವೊಂದರ ಗುಂಡಿ ಒತ್ತಿದರು. ಕನ್ನಡದ ಪ್ರವಚನ ಕೇಳಿಸಿತು. ಅದು ಮೊದಲ ದಿನದಿಂದಲೂ ಆ ಕೇಂದ್ರದ ಕಪಾಟಿನಲ್ಲಿಯೇ ಇತ್ತು. ನಾನು ಮಲಯಾಳ ಎಂದು ಬರೆಸಿದ್ದರಿಂದ ಯಾರೂ ತೆಗೆದಿರಲಿಲ್ಲ. ಮರುದಿನದಿಂದ ಸೂಚನೆಗಳನ್ನೂ ಕನ್ನಡದಲ್ಲಿ ಕೇಳಿಸಿದರು. ನೆತ್ತಿ, ಹಣೆ, ಹುಬ್ಬು, ರೆಪ್ಪೆ, ಕೆನ್ನೆ, ಗಲ್ಲ, ಕುತ್ತಿಗೆ, ಹೆಗಲು ಎಂದು ಒಂದೊಂದೇ ಹೆಸರು ಬಂದಂತೆ ಆ ಅಂಗವೇ ಹೂಂಗುಟ್ಟಿದಂತಾಗುತ್ತಿತ್ತು. ನಡುವೆ ಭಾಷಾಂತರ ಮಾಡಿಕೊಳ್ಳುವ ಶ್ರಮವಿರಲಿಲ್ಲ. ಬಿಸಿ, ತಂಪು, ಭಾರ, ಹಗುರ, ತುರಿಕೆ, ಮಿಡಿತ, ಬೆವರು, ಬಟ್ಟೆ ತಾಗುವುದು, ಗಾಳಿ ಸೋಕುವುದು, ಯಾವುದಾದರೂ ಆದೀತು, ಇರುವುದನ್ನು ಇರುವಂತೆ ತಿಳಿಯುವುದಷ್ಟೇ ಕೆಲಸ ಎಂಬುದು ಆಗ ಮನಸ್ಸಿಗೆ ಇಳಿಯಿತು. ಮಂಡಿ ಇಡೀ ಶರೀರದ ಒಂದು ಅಂಗವಾಗಿ ತನ್ನ ಸರದಿ ಬಂದಾಗ ಬಂದು ಹೋಗತೊಡಗಿತು. ಅಗತ್ಯವಿದ್ದವರಿಗೆ ಕುರ್ಚಿ ಕೊಡುತ್ತಾರೆಂಬುದೂ ನನಗೆ ಅಂದೇ ತಿಳಿದದ್ದು.

ಏಳನೆಯ ರಾತ್ರಿ ಎರಡರ ಹೊತ್ತಿಗೆ ಎಂದಿನಂತೆ ಎಚ್ಚರವಾಯಿತು. ಎಲ್ಲರೂ ಮಲಗಿದ್ದರು, ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಮಗಾ" ಎಂಬ ಕರೆ ಕೇಳಿಸುವುದಕ್ಕಿಂತ ಮೊದಲು ಗಂಟಲಿನ ಬುಡದಲ್ಲಿ ಏನೋ ಬಿಗಿಯುವುದನ್ನು, ಕಿವಿಯ ಹಿಂದೆ ಬಿಸಿಯೇರುವುದನ್ನು ಅಂದು ಮೊದಲ ಬಾರಿಗೆ ಕಂಡೆ. ಕರೆ ಆಮೇಲೆ ಬಂತು. ಎದ್ದು ಕೂರದೆ ಆ ಬಿಗಿತವನ್ನೇ ನೋಡುತ್ತ ಮಲಗಿದೆ. ಅದು ಹೆಚ್ಚಿತು, ಅಲ್ಲೇ ನಿಂತಿತು, ಸ್ವಲ್ಪ ಸ್ವಲ್ಪವಾಗಿ ಸಡಿಲಿತು. ಅನಿಚ್ಚ, ಅಂದರೆ ಅನಿತ್ಯ, ಎಂದು ದಿನವೂ ಕೇಳುತ್ತಿದ್ದ ಪದಕ್ಕೆ ಆಗ ನನ್ನ ಗಂಟಲಲ್ಲಿ ಅರ್ಥ ಸಿಕ್ಕಿತು. ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮತ್ತೆ ನಿದ್ದೆ ಬರುತ್ತದೆ ಎಂಬುದೂ ಅಷ್ಟೇ ನಿಜ.

ನಮ್ಮ ನಮ್ಮ ನುಡಿಯಲ್ಲಿ ಕೇಳುವುದು ಬೌದ್ಧ ಪರಂಪರೆಗೆ ಹೊರತಾದ ಬೇಡಿಕೆಯೂ ಅಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದ ಚುಲ್ಲವಗ್ಗ ಎಂಬ ಭಾಗದಲ್ಲಿ ಒಂದು ಪ್ರಸಂಗವಿದೆ. ಬ್ರಾಹ್ಮಣ ಕುಲದಿಂದ ಬಂದು ಭಿಕ್ಷುಗಳಾದ ಇಬ್ಬರು ಸೋದರರು, ನಾನಾ ಕುಲಗಳಿಂದ ಬಂದವರು ಬುದ್ಧನ ಮಾತನ್ನು ತಮ್ಮ ತಮ್ಮ ಮಾತಿನಲ್ಲಿ ಹೇಳಿ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ, ಅಂದರೆ ವೇದದ ಭಾಷೆಯ ರೀತಿಗೆ, ಅಳವಡಿಸೋಣವೇ ಎಂದು ಕೇಳುತ್ತಾರೆ. ಬುದ್ಧ ಅವರನ್ನು ಗದರಿಸಿ, ಸಕಾಯ ನಿರುತ್ತಿಯಾ, ಅಂದರೆ ಸ್ವಂತ ನುಡಿಯಲ್ಲಿ, ಬುದ್ಧವಚನವನ್ನು ಕಲಿಯಲು ಅನುಮತಿ ಕೊಡುತ್ತಾನೆ. ಸ್ವಂತ ನುಡಿ ಎಂದರೆ ಕಲಿಯುವವರ ನುಡಿಯೋ ಬುದ್ಧನ ನುಡಿಯೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಾಚೀನ ವ್ಯಾಖ್ಯಾನಕಾರ ಬುದ್ಧಘೋಷ ಎರಡನೆಯದನ್ನು ಹಿಡಿದರೆ, ಈ ಕಾಲದ ಅನೇಕ ವಿದ್ವಾಂಸರು ಮೊದಲನೆಯದನ್ನು ಒಪ್ಪುತ್ತಾರೆ. ಪ್ರಸಂಗದ ಹಿನ್ನೆಲೆ ನೋಡಿದರೆ ನನಗೂ ಮೊದಲನೆಯದೇ ಸರಿಯೆನಿಸುತ್ತದೆ. ಬರ್ಮಾದ ಇನ್ನೊಬ್ಬ ಧ್ಯಾನಗುರು ಮಹಾಸಿ ಸಯಾಡೊ (1904–1982) ಅವರ ಪರಂಪರೆಯ ಶಿಬಿರಗಳಲ್ಲಿ ಹೊಟ್ಟೆ ಉಬ್ಬುವುದನ್ನು, ಇಳಿಯುವುದನ್ನು, ಮನಸ್ಸು ಅಲೆಯುವುದನ್ನು ಆಯಾ ಕ್ಷಣದಲ್ಲಿ ಮನಸ್ಸಿನೊಳಗೇ ಹೆಸರಿಟ್ಟು ಗುರುತಿಸುವ ಅಭ್ಯಾಸವಿದೆ. ಆ ಹೆಸರು ತಡಕಾಡದೆ ಬರಬೇಕಾದರೆ ಅದು ಬಾಲ್ಯದಿಂದ ನಾಲಗೆಯಲ್ಲಿದ್ದ ಮಾತೇ ಆಗಿರಬೇಕಲ್ಲವೇ?

ನಮ್ಮ ಕರಾವಳಿಗೆ ಬುದ್ಧ ಹೊಸಬನೇನಲ್ಲ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ, ಬೌದ್ಧರ ಬೋಧಿಸತ್ತ್ವನಾದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕ್ರಿ.ಶ. 968ರಲ್ಲಿ ಅಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ಅಂದು ಭಿಕ್ಷುಗಳ ನೆಲೆ ಎಂಬ ಅರ್ಥವಿದ್ದ ವಿಹಾರ ಎಂಬ ಪದ ಇಂದು ಸಂಜೆಯ ವಾಯುವಿಹಾರವಾಗಿ ಉಳಿದಿದೆ. ಪದಗಳು ಹೀಗೆ ಬದಲಾಗುವುದರಲ್ಲಿ ದೋಷವಿಲ್ಲ. ಬದಲಾಗಿವೆ ಎಂಬುದನ್ನು ಅರಿತು ಕಲಿಸಬೇಕು, ಅಷ್ಟೇ. ಕನ್ನಡದ ಪಾಲಿ ವಿದ್ವಾಂಸರು, ಅನುವಾದಕರು ಇಂಥ ಹತ್ತಿಪ್ಪತ್ತು ಪದಗಳಿಗೆ ಮನೆಮಾತಿನ ಕನ್ನಡದಲ್ಲಿ ಎರಡೆರಡು ಸಾಲಿನ ವಿವರಣೆ ಬರೆದುಕೊಟ್ಟು, ಶಿಬಿರಕ್ಕೆ ಹೊರಡುವವರ ಕೈಗೆ ಮೊದಲೇ ಸಿಗುವಂತೆ ಮಾಡಿದರೆ ನನ್ನಂಥವರ ಎಷ್ಟೋ ಗೊಂದಲ ತಪ್ಪುತ್ತದೆ.

ಭಾಷೆಯ ಈ ಪ್ರಶ್ನೆಗೆ ಇನ್ನೂ ಗಂಭೀರವಾದ ಮುಖವೊಂದಿದೆ. ದೀರ್ಘ ಮೌನ ಎಲ್ಲರಿಗೂ ಹಿತವಾಗಿರುವುದಿಲ್ಲ. ಮಾನಸಿಕ ಕಾಯಿಲೆ ಇದ್ದವರು, ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಳಿರುತ್ತಾರೆ. ಸ್ಥಳ ಸಿಗದೆ ಹೋದೀತೆಂದು ಅದನ್ನು ಮುಚ್ಚಿಡುವುದು, ಔಷಧಿ ನಿಲ್ಲಿಸಿ ಹೋಗುವುದು ಅಪಾಯ. ವೈದ್ಯರನ್ನು ಕೇಳದೆ ಅಂಥವರನ್ನು ಮನೆಯವರು ಒತ್ತಾಯದಿಂದ ಕಳುಹಿಸಲೂಬಾರದು. ಏನೂ ಕಾಯಿಲೆ ಇಲ್ಲದವರಿಗೂ ಆರನೆಯ, ಏಳನೆಯ ದಿನದ ಹೊತ್ತಿಗೆ ಹಳೆಯ ದುಃಖ, ಭಯಗಳು ಒತ್ತಿಬರುವುದುಂಟು. ಆಗ ಆಚಾರ್ಯರ ಮುಂದೆ ಕುಳಿತು ನನಗೆ ಹೀಗಾಗುತ್ತಿದೆ ಎಂದು ಹೇಳಿಕೊಳ್ಳಲು ಮಾತು ಬೇಕು. ಸಂಕಟದ ಹೊತ್ತಿನಲ್ಲಿ ಕಲಿತ ಭಾಷೆಗಳೆಲ್ಲ ಕೈಬಿಡುತ್ತವೆ, ತಾಯಿ ಕಲಿಸಿದ ಭಾಷೆಯೊಂದೇ ನಿಲ್ಲುತ್ತದೆ. ಕನ್ನಡ ಬಲ್ಲ ಸೇವಕರೊಬ್ಬರಾದರೂ ಅಲ್ಲಿರುವಂತೆ ನೋಡಿಕೊಳ್ಳುವುದು ಬರಿಯ ಅನುಕೂಲದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ.

ಶಿಬಿರಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಕನ್ನಡದ ಧ್ವನಿಮುದ್ರಣ ಲಭ್ಯವಿದೆ ಎಂಬುದನ್ನು ಕಾಸರಗೋಡು, ಮಂಜೇಶ್ವರದ ಕಡೆಯವರಿಗೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ತಮಿಳುನಾಡಿನ ಹೊಸೂರು, ತಾಳವಾಡಿ, ಆಂಧ್ರದ ಮಡಕಶಿರಾ, ಆದವಾನಿ ಕಡೆಗಳ ಕನ್ನಡಿಗರಿಗೂ ಕನ್ನಡದಲ್ಲಿಯೇ ತಿಳಿಯಪಡಿಸಿ. ಅರ್ಜಿ ಬಂದ ಊರಿನ ಹೆಸರು ನೋಡಿ, ನಿಮಗೆ ಕನ್ನಡ ಬೇಕೇ ಎಂದು ಫೋನಿನಲ್ಲಿ ಒಂದು ಮಾತು ಕೇಳಿದರೆ ಸಾಕು. ಬೆಂಗಳೂರಿನ ಕೇಂದ್ರದಲ್ಲಿ ಕನ್ನಡದ ಸೌಲಭ್ಯವಿದೆ, ನಿಜ. ಆದರೆ ಹಾಸಿಗೆ ಹಿಡಿದ ಹಿರಿಯರನ್ನು, ಹಟ್ಟಿಯ ದನಗಳನ್ನು ನೆರೆಯವರಿಗೆ ಒಪ್ಪಿಸಿ ಹೊರಡುವ ನಮ್ಮ ಕಡೆಯ ಹೆಂಗಸರಿಗೆ ಅಷ್ಟು ದೂರ ಸುಲಭವಲ್ಲ. ಕೇಂದ್ರವಿಲ್ಲದ ಊರುಗಳಲ್ಲೂ ಶಾಲೆ, ಸಭಾಭವನಗಳನ್ನು ಪಡೆದು ಇಂಥ ಶಿಬಿರ ನಡೆಸುವ ಕ್ರಮ ಆರಂಭದಿಂದಲೂ ಇದೆ. ಬೇಸಗೆ ರಜೆಯಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಕನ್ನಡದ ಒಂದು ಶಿಬಿರ ಏರ್ಪಟ್ಟರೆ ಅಡುಗೆಗೋ ಗಂಟೆ ಬಾರಿಸುವುದಕ್ಕೋ ಹತ್ತು ದಿನ ಸೇವೆಗೆ ನಿಲ್ಲಲು ನಾನು ಸಿದ್ಧಳಿದ್ದೇನೆ.

ಹೋಗುವ ಮನಸ್ಸಿರುವ ನಮ್ಮವರಲ್ಲಿ ಕೇಳಿಕೊಳ್ಳುವುದೂ ಒಂದಿದೆ. ಅರ್ಜಿಯ ಭಾಷೆಯ ಅಂಕಣವನ್ನು ಇತರರ ಅನುಕೂಲ ನೋಡಿ ತುಂಬಬೇಡಿ. ಕಳೆದ ವಾರ ನೆರೆಮನೆಯ ತಂಗಿಯೊಬ್ಬಳು ಅರ್ಜಿ ತುಂಬಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದಳು. ಮುಂದಿನ ತಿಂಗಳು ಅವಳಿಗೆ ಶಿಬಿರ. ಆ ಅಂಕಣಕ್ಕೆ ಬಂದಾಗ ಅವಳು, "ಮಲಯಾಳ ಅಂತ ಬರೆಯಿರಿ ಅಕ್ಕ, ಅವರಿಗೆ ಸುಲಭ ಆಗ್ತದೆ" ಎಂದಳು. ಫೋನನ್ನು ಅವಳ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಕನ್ನಡ ಎಂದು ತಾನೇ ಒತ್ತಿದಳು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಿಕೆ
ಬದಿಯಡ್ಕ, ಕಾಸರಗೋಡು ಜಿಲ್ಲೆ